ಮನೆಯ ಗಣಕಯಂತ್ರಕ್ಕೆ ಯಾವ ಕಾವಲು?

ಗವಿಪುರದ ಹಿರಿಯ ಓದುಗರೊಬ್ಬರು ಕಳೆದ ತಿಂಗಳು ನಮಗೆ ಪತ್ರ ಬರೆದು, ತಮ್ಮ ಮನೆಯ ಗಣಕಯಂತ್ರಕ್ಕೆ ವೈರಸ್ ತಗಲದಂತೆ ಯಾವ ತಂತ್ರಾಂಶವನ್ನು ಕೊಳ್ಳಬೇಕೆಂದು ಕೇಳಿದ್ದಾರೆ. ಅಂಗಡಿಯವರು ಒಂದನ್ನು ಹೊಗಳುತ್ತಾರೆ. ವಿದೇಶದಲ್ಲಿರುವ ಮಗ ಮತ್ತೊಂದನ್ನು ಕೊಳ್ಳಿರೆನ್ನುತ್ತಾನೆ. ನೆರೆಮನೆಯ ಇಂಜಿನಿಯರಿಂಗ್ ವಿದ್ಯಾರ್ಥಿ ಏನೂ ಬೇಕಾಗಿಲ್ಲವೆಂದು ನಗುತ್ತಾನೆ. ಮೂವರಲ್ಲಿ ಯಾರ ಮಾತನ್ನು ನಂಬಬೇಕೆಂಬುದು ಅವರ ಪ್ರಶ್ನೆ. ಇಂತಹ ಲೌಕಿಕ ವಿಷಯವನ್ನು ಈ ಅಂಕಣದಲ್ಲಿ ಕೇಳಬಹುದೇ ಎಂಬ ಸಂಕೋಚವನ್ನೂ ಅವರು ತೋಡಿಕೊಂಡಿದ್ದಾರೆ. ಸಂಕೋಚಕ್ಕೆ ಕಾರಣವಿಲ್ಲ. ಮನೆಯ ಕದ, ಅಗುಳಿ, ಬೀಗಗಳ ವಿಚಾರವೂ ಗೃಹಸ್ಥಧರ್ಮದ ವಿಚಾರವೇ ಆಗಿದೆ. ಓಲೆಗರಿಗಳ ಛಾಯಾಪ್ರತಿಗಳನ್ನು ಗಣಕಯಂತ್ರದ ತೆರೆಯ ಮೇಲೆಯೇ ಓದಬೇಕಾಗಿ ಬಂದಿರುವ ನಮಗೂ ಇದನ್ನು ಅರಿಯುವ ಅವಶ್ಯಕತೆ ಒದಗಿದ್ದುಂಟು.

ಪ್ರಶ್ನೆ ಸಣ್ಣದೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಗವಿಗಂಗಾಧರೇಶ್ವರನ ಗುಡಿಯಿಂದ ಕೆಂಪಾಂಬುಧಿ ಕೆರೆಯವರೆಗಿನ ಹಳೆಯ ಬೀದಿಗಳಲ್ಲಿ ಒಮ್ಮೆ ನಡೆದು ಬಂದರೆ ಅದರ ತೂಕ ತಿಳಿಯುತ್ತದೆ. ಮಕ್ಕಳು ದೂರದ ಊರುಗಳಲ್ಲಿ ನೆಲೆಸಿ, ವೃದ್ಧ ದಂಪತಿಗಳಿಬ್ಬರೇ ಉಳಿದಿರುವ ಮನೆಗಳು ಅಲ್ಲಿ ಒಂದೆರಡಲ್ಲ. ಅವರ ನಿವೃತ್ತಿವೇತನದ ಲೆಕ್ಕ, ಬ್ಯಾಂಕಿನ ವ್ಯವಹಾರ, ವಿದ್ಯುತ್ತಿನ ಬಿಲ್ಲು, ಮನೆಯ ಖಾತೆ ಕಂದಾಯದ ಕಾಗದಗಳ ಪ್ರತಿ, ತೀರಿಹೋದವರ ಭಾವಚಿತ್ರ, ಮೊಮ್ಮಕ್ಕಳ ಮುಖದರ್ಶನ ಇವೆಲ್ಲವೂ ಈಗ ಒಂದೇ ಯಂತ್ರದೊಳಗೆ ಸೇರಿಕೊಂಡಿವೆ. ಹಿಂದೆ ಪೆಟ್ಟಿಗೆ, ಬೀರು, ಗೋಡೆಯ ಗೂಡು ಎಂದು ಹಂಚಿಹೋಗಿದ್ದ ಸಂಸಾರವು ಇಂದು ಒಂದು ಕಡೆ ಕೂಡಿದೆ. ಆದುದರಿಂದ ಆ ಒಂದು ಕಡೆಗೆ ಎಂತಹ ಕಾವಲಿದೆ ಎಂಬುದು ಮನೆಯವರೆಲ್ಲರೂ ಯೋಚಿಸತಕ್ಕ ವಿಷಯವಾಗಿದೆ.

ಮೊದಲು ರೋಗದ ಸ್ವರೂಪವನ್ನು ಅರಿಯೋಣ. ಗಣಕಯಂತ್ರದ ವೈರಸ್ಸೆಂದರೆ ಕ್ರಿಮಿಯೂ ಅಲ್ಲ, ಯಂತ್ರದ ದೋಷವೂ ಅಲ್ಲ. ಮನುಷ್ಯನೇ ಬರೆದ ಒಂದು ಆಜ್ಞಾವಳಿ. ತಾನು ಪ್ರವೇಶಿಸಿದೆಡೆಯಲ್ಲಿ ತನ್ನಂತಹ ಪ್ರತಿಗಳನ್ನು ಹುಟ್ಟಿಸುವುದು ಅದರ ಗುಣ. 1986ರಲ್ಲಿ ಲಾಹೋರಿನ ಇಬ್ಬರು ಸೋದರರು ತಮ್ಮ ತಂತ್ರಾಂಶವನ್ನು ಕದ್ದು ನಕಲು ಮಾಡುವವರನ್ನು ಗುರುತಿಸಲೆಂದು ಬರೆದ 'ಬ್ರೇನ್' ಎಂಬುದು ಫ್ಲಾಪಿಗಳ ಮೂಲಕ ದೇಶದೇಶಗಳಿಗೆ ಹಬ್ಬಿತು. 1990ರಲ್ಲಿ ನಮ್ಮ ದೇಶದಲ್ಲಿಯೇ 'ಜೋಶಿ' ಎಂಬ ವೈರಸ್ ಕಾಣಿಸಿಕೊಂಡಿತು. ಪ್ರತಿವರ್ಷ ಜನವರಿ 5ರಂದು ಅದು ಯಂತ್ರವನ್ನು ಸ್ತಬ್ಧಗೊಳಿಸಿ, ಜೋಶಿಗೆ ಹುಟ್ಟುಹಬ್ಬದ ಶುಭಾಶಯವನ್ನು ಬೆರಳಚ್ಚಿಸಿದ ಮೇಲೆಯೇ ಬಿಡುಗಡೆ ಮಾಡುತ್ತಿತ್ತು. ಆ ದಶಕದಲ್ಲಿಯೇ ಚೆನ್ನೈಯಲ್ಲಿ ಕೆ7, ಪುಣೆಯಲ್ಲಿ ಕ್ವಿಕ್ ಹೀಲ್ ಎಂಬ ಭಾರತೀಯ ನಿರೋಧಕ ತಂತ್ರಾಂಶಗಳು ಹುಟ್ಟಿಕೊಂಡವು. ಕ್ವಿಕ್ ಹೀಲನ್ನು ಕಟ್ಟಿದ ಕಾಟ್ಕರ್ ಸೋದರರಲ್ಲಿ ಹಿರಿಯರು ಮೊದಲಿಗೆ ಕ್ಯಾಲ್ಕುಲೇಟರು ಮೊದಲಾದ ಯಂತ್ರಗಳನ್ನು ದುರಸ್ತಿ ಮಾಡುತ್ತಿದ್ದವರು ಎಂಬುದು ಗಮನಾರ್ಹ.

ಅಂದಿನ ವೈರಸ್ಸುಗಳಲ್ಲಿ ಚೇಷ್ಟೆಯೇ ಹೆಚ್ಚಾಗಿತ್ತು. ಇಂದಿನ ಕುತಂತ್ರಾಂಶಗಳ ಗುರಿಯೆಲ್ಲ ಹಣದ ಮೇಲೆ. ಕೆಲವು ಸದ್ದಿಲ್ಲದೆ ಕುಳಿತು ನಾವು ಒತ್ತುವ ಕೀಲಿಗಳನ್ನು ಬರೆದುಕೊಂಡು ಗುಪ್ತಪದವನ್ನು ಕದಿಯುತ್ತವೆ. ಕೆಲವು ನಮ್ಮ ಯಂತ್ರವನ್ನು ಅನ್ಯರ ಮೇಲಿನ ದಾಳಿಗೆ ಆಳಾಗಿ ದುಡಿಸಿಕೊಳ್ಳುತ್ತವೆ. ಎಲ್ಲಕ್ಕಿಂತ ಕ್ರೂರವಾದದ್ದು ಒತ್ತೆಹಣದ ಕುತಂತ್ರಾಂಶ, ಎಂದರೆ ರಾನ್ಸಮ್‌ವೇರ್. ಅದು ಮನೆಯ ಚಿತ್ರಗಳನ್ನೂ ಬರಹಗಳನ್ನೂ ಬಿಡಿಸಲಾರದ ಗೂಢಲಿಪಿಗೆ ತಿರುಗಿಸಿ, ಹಣ ಕೊಟ್ಟರೆ ಬೀಗದಕೈ ಕೊಡುತ್ತೇನೆಂದು ಬೆದರಿಸುತ್ತದೆ. 2017ರ ಮೇ 12ರಂದು ಹರಡಲಾರಂಭಿಸಿದ 'ವಾನ್ನಾಕ್ರೈ' ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಯಂತ್ರಗಳನ್ನು ಹೀಗೆ ಹಿಡಿಯಿತು. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಚಿಕಿತ್ಸೆಗಳು ಮುಂದೆ ಹೋದವು. ಇಲ್ಲಿ ಅವಶ್ಯವಾಗಿ ಮನಗಾಣಬೇಕಾದ ಸಂಗತಿಯೊಂದಿದೆ. ಆ ಕುತಂತ್ರಾಂಶ ನುಗ್ಗಿದ ಕಂಡಿಯನ್ನು ಮುಚ್ಚುವ ತಿದ್ದುಪಡಿಯನ್ನು ಮೈಕ್ರೋಸಾಫ್ಟ್ ಸಂಸ್ಥೆಯು ಅದೇ ವರ್ಷ ಮಾರ್ಚ್ 14ರಂದೇ ಹೊರಡಿಸಿತ್ತು. ಎರಡು ತಿಂಗಳ ಕಾಲ ಅದನ್ನು ಹಾಕಿಕೊಳ್ಳದೆ ಉಳಿದ ಯಂತ್ರಗಳೂ, ತಿದ್ದುಪಡಿ ಬರುವುದೇ ನಿಂತುಹೋಗಿದ್ದ ಹಳೆಯ ಯಂತ್ರಗಳೂ ಅದಕ್ಕೆ ತುತ್ತಾದವು.

ಹೀಗಿರಲು, ಮನೆಯ ಕಾವಲಿನಲ್ಲಿ ಮೊದಲ ಸ್ಥಾನ ಕೊಂಡುತರುವ ತಂತ್ರಾಂಶಕ್ಕಲ್ಲ, ಕಾಲಕಾಲಕ್ಕೆ ಬರುವ ತಿದ್ದುಪಡಿಗೆ ಎಂದು ತಿಳಿಯಬೇಕು. ಯಂತ್ರವು 'ಅಪ್‌ಡೇಟ್' ಎಂದು ಕೇಳಿದಾಗಲೆಲ್ಲ 'ಆಮೇಲೆ' ಎಂದು ಒತ್ತಿ ಮುಂದೂಡುವ ಅಭ್ಯಾಸವು ಮುರಿದ ಅಗುಳಿಯನ್ನು ನಾಳೆ ಸರಿಪಡಿಸೋಣವೆಂದು ಮಲಗಿದಂತೆ. ವಿಂಡೋಸ್ 7ಕ್ಕೆ ತಿದ್ದುಪಡಿ ಬರುವುದು 2020ರ ಜನವರಿ 14ಕ್ಕೆ ನಿಂತಿತು. ವಿಂಡೋಸ್ 10ರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹೆಚ್ಚುವರಿ ಅವಧಿಗೆ ಪ್ರತ್ಯೇಕವಾಗಿ ನೋಂದಾಯಿಸಿಕೊಂಡ ಗೃಹಬಳಕೆದಾರರಿಗೆ ಮಾತ್ರ ಅದರ ಮೇಲೆ ರಕ್ಷಣಾ ತಿದ್ದುಪಡಿಗಳು ದೊರೆಯುವ ಏರ್ಪಾಡಾಯಿತು. ಬೆಂಬಲ ತಪ್ಪಿದ ಯಂತ್ರದಲ್ಲಿ ಎಷ್ಟು ಬೆಲೆಯ ನಿರೋಧಕವನ್ನು ಹಾಕಿದರೂ ಅದು ಬಿರುಕುಬಿಟ್ಟ ಗೋಡೆಗೆ ಬಳಿದ ಸುಣ್ಣವಾಗುತ್ತದೆ. ಅಂತಹವರು ತಂತ್ರಾಂಶದ ಚಂದಾ ಕಟ್ಟುವ ಬದಲು, ಆ ಹಣವನ್ನು ಯಂತ್ರದ ಬದಲಾವಣೆಗೆ ಕೂಡಿಡುವುದು ಲೇಸು.

ಎರಡನೆಯದಾಗಿ, ಬಹುಮಂದಿ ಅರಿಯದ ಒಂದು ಸಂಗತಿ. 2012ರಲ್ಲಿ ಬಂದ ವಿಂಡೋಸ್ 8ರಿಂದ ಮೊದಲ್ಗೊಂಡು ಆ ವ್ಯವಸ್ಥೆಯೊಳಗೇ 'ಡಿಫೆಂಡರ್' ಎಂಬ ನಿರೋಧಕವನ್ನು ಸೇರಿಸಿಯೇ ಕೊಡಲಾಗುತ್ತಿದೆ. ಅದಕ್ಕೆ ಬೇರೆ ಹಣವಿಲ್ಲ, ಚಂದಾ ಇಲ್ಲ. ಆರಂಭದ ವರ್ಷಗಳಲ್ಲಿ ಅದು ದುರ್ಬಲವೆಂಬ ಹೆಸರು ಪಡೆದಿತ್ತೆಂಬುದು ನಿಜ. ಆದರೆ ಇತ್ತೀಚಿನ ವರ್ಷಗಳ ಸ್ವತಂತ್ರ ಪರೀಕ್ಷೆಗಳಲ್ಲಿ ಹಣ ಕೊಟ್ಟು ಕೊಳ್ಳುವವುಗಳ ಸಾಲಿನಲ್ಲಿಯೇ ಅದು ನಿಂತಿದೆ. ಆ್ಯಪಲ್ ಸಂಸ್ಥೆಯ ಯಂತ್ರಗಳಲ್ಲಿಯೂ 'ಎಕ್ಸ್‌ಪ್ರೊಟೆಕ್ಟ್' ಎಂಬ ಒಳಗಾವಲಿದೆ. ನಿಮ್ಮ ಯಂತ್ರದ ಕಾವಲು ಎಚ್ಚರವಾಗಿದೆಯೇ ಎಂದು ತಿಳಿಯಲು 'ವಿಂಡೋಸ್ ಸೆಕ್ಯೂರಿಟಿ' ಎಂಬುದನ್ನು ತೆರೆದು, ಅಲ್ಲಿನ ಪ್ರತಿಯೊಂದು ಸಾಲಿನ ಮುಂದೆ ಹಸಿರು ಗುರುತು ಇದೆಯೇ ಎಂದು ನೋಡಿದರೆ ಸಾಕು. ಅಲ್ಲಿಯೇ, ಆಯ್ದ ಕಡತಕೋಶಗಳನ್ನು ಅಪರಿಚಿತ ತಂತ್ರಾಂಶಗಳು ತಿದ್ದದಂತೆ ತಡೆಯುವ 'ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್' ಎಂಬ ಏರ್ಪಾಡೂ ಇದೆ. ಒತ್ತೆಹಣದ ಕುತಂತ್ರಾಂಶದ ವಿರುದ್ಧ ಇದು ಉಪಯುಕ್ತವಾದದ್ದು. ಆದರೆ ಇದು ತಾನಾಗಿ ಆರಂಭವಾಗಿರುವುದಿಲ್ಲ, ನಾವೇ ಚಾಲನೆಗೊಳಿಸಬೇಕು.

ಆದುದರಿಂದ ಪತ್ರ ಬರೆದ ಮಹನೀಯರಿಗೆ ನಮ್ಮ ಉತ್ತರವಿಷ್ಟು: ಯಂತ್ರವು ಬೆಂಬಲವಿರುವ ವಿಂಡೋಸನ್ನು ಹೊಂದಿದ್ದು, ತಿದ್ದುಪಡಿಗಳು ಸಕಾಲದಲ್ಲಿ ಸೇರುತ್ತಿದ್ದು, ನೀವು ಬ್ಯಾಂಕು, ಅಂಚೆ, ಪತ್ರಿಕೆ, ಮಕ್ಕಳೊಡನೆ ಮಾತುಕತೆ ಇಷ್ಟಕ್ಕೇ ಅದನ್ನು ಬಳಸುವುದಾದರೆ ಒಳಗಿರುವ ಕಾವಲೇ ಸಾಲುತ್ತದೆ. ವಿದ್ಯಾರ್ಥಿಯ ಮಾತು ಇಷ್ಟರಮಟ್ಟಿಗೆ ಸರಿ. ಆದರೆ 'ಏನೂ ಬೇಕಾಗಿಲ್ಲ' ಎಂಬುದು ಸರಿಯಲ್ಲ. ಬೇಕಾದುದು ಆಗಲೇ ಇದೆ, ಅದನ್ನು ನೋಡಿಕೊಳ್ಳಬೇಕು ಎಂಬುದೇ ಸರಿಯಾದ ಮಾತು.

ಹಾಗಾದರೆ ಕೊಳ್ಳುವುದು ಯಾರಿಗೆ ಉಚಿತ? ಮನೆಯಲ್ಲಿಯೇ ಅಂಗಡಿ ಅಥವಾ ವೃತ್ತಿಯ ಲೆಕ್ಕಪತ್ರಗಳನ್ನು ಇಡುವವರು, ಹತ್ತು ಜನರ ಪೆನ್‌ಡ್ರೈವುಗಳನ್ನು ದಿನವೂ ಹಾಕಿ ತೆಗೆಯಬೇಕಾದವರು, ಕಂಡಕಂಡಲ್ಲಿಂದ ಆಟಗಳನ್ನು ಇಳಿಸಿಕೊಳ್ಳುವ ಮಕ್ಕಳಿರುವವರು, ತೊಂದರೆಯಾದಾಗ ದೂರವಾಣಿಯಲ್ಲಿ ಕೇಳಲು ಒಬ್ಬರು ಬೇಕೆನ್ನುವವರು, ಇವರು ಹಣ ಕೊಟ್ಟು ಕೊಂಡರೆ ವ್ಯರ್ಥವೆನ್ನಲಾಗದು. ಆದರೆ ಜಾಹೀರಾತನ್ನು ನಂಬಿ ಕೊಳ್ಳಬಾರದು. ಜರ್ಮನಿಯ ಮ್ಯಾಗ್ಡೆಬರ್ಗಿನಲ್ಲಿರುವ ಎವಿ-ಟೆಸ್ಟ್, ಆಸ್ಟ್ರಿಯದ ಇನ್ಸ್‌ಬ್ರುಕ್ಕಿನಲ್ಲಿರುವ ಎವಿ-ಕಂಪ್ಯಾರೆಟಿವ್ಸ್ ಎಂಬ ಸಂಸ್ಥೆಗಳು ಈ ತಂತ್ರಾಂಶಗಳನ್ನು ನಿಯತವಾಗಿ ಪರೀಕ್ಷಿಸಿ ಫಲಿತಾಂಶವನ್ನು ಎಲ್ಲರಿಗೂ ತೆರೆದಿಡುತ್ತವೆ. ಎವಿ-ಟೆಸ್ಟ್ ಸಂಸ್ಥೆಯು ರಕ್ಷಣೆ, ಯಂತ್ರದ ವೇಗ, ಬಳಕೆಯ ಸೌಕರ್ಯ ಈ ಮೂರಕ್ಕೆ ತಲಾ 6ರಂತೆ ಒಟ್ಟು 18 ಅಂಕಗಳನ್ನಿಡುತ್ತದೆ. ಒಂದೇ ಪರೀಕ್ಷೆಯ ಅಂಕವನ್ನು ನೋಡದೆ, ಒಂದು ವರ್ಷದುದ್ದಕ್ಕೂ ಯಾವುದು ಸಮನಾಗಿ ನಿಂತಿದೆ ಎಂಬುದನ್ನು ನೋಡಬೇಕು. ನಿರಪರಾಧಿ ಕಡತವನ್ನು ಕಳ್ಳನೆಂದು ಕೂಗುವ ಸುಳ್ಳುಗಂಟೆ ಎಷ್ಟು ಸಲವೆಂಬುದನ್ನೂ ಗಮನಿಸಬೇಕು. ಸುಮ್ಮಸುಮ್ಮನೆ ಕೂಗುವ ಕಾವಲಿಗೆ ಮನೆಯವರು ಕಿವಿಗೊಡುವುದನ್ನೇ ಬಿಡುತ್ತಾರೆ.

ಕೊಳ್ಳುವ ಮುನ್ನ ಅಂಗಡಿಯಲ್ಲಿ ಕೇಳತಕ್ಕ ಪ್ರಶ್ನೆಗಳೂ ಕೆಲವಿವೆ. ಮೊದಲ ವರ್ಷದ ರಿಯಾಯಿತಿ ಬೆಲೆಯಲ್ಲ, ಎರಡನೆಯ ವರ್ಷದ ಬೆಲೆಯೆಷ್ಟು? ಕಾರ್ಡಿನಿಂದ ತಾನಾಗಿ ಹಣ ಕಡಿತವಾಗುವ ಕಟ್ಟಳೆಯುಂಟೇ? ಎಷ್ಟು ಯಂತ್ರಗಳಿಗೆ ಸಲ್ಲುತ್ತದೆ? ಎಸ್.ಪಿ. ರಸ್ತೆಯಲ್ಲಾಗಲಿ ಬಡಾವಣೆಯ ಅಂಗಡಿಯಲ್ಲಾಗಲಿ ಕೊಳ್ಳುವಾಗ ಮೊಹರು ಒಡೆಯದ ಪೆಟ್ಟಿಗೆಯನ್ನೂ ರಸೀದಿಯನ್ನೂ ಪಡೆಯತಕ್ಕದ್ದು. ಕದ್ದ ಕೀಲಿಸಂಖ್ಯೆಯಿಂದ ನಡೆಯುವ ನಿರೋಧಕವನ್ನು ಯಾರಾದರೂ ಪುಕ್ಕಟೆಯಾಗಿ ಹಾಕಿಕೊಡುತ್ತೇನೆಂದರೆ ಒಪ್ಪಲೇಬಾರದು. ಕಳ್ಳತನದ ತಂತ್ರಾಂಶವೇ ಕುತಂತ್ರಾಂಶದ ರಾಜಮಾರ್ಗ. ಹೊಸ ಯಂತ್ರದೊಡನೆ ಕೆಲವು ದಿನಗಳ ಮಟ್ಟಿಗೆ ಉಚಿತವಾಗಿ ಬರುವ ನಿರೋಧಕದ ಅವಧಿ ಮುಗಿದ ಮೇಲೆ ಚಂದಾ ಕಟ್ಟುವುದಿಲ್ಲವಾದರೆ ಅದನ್ನು ತೆಗೆದುಹಾಕಿ, ಒಳಗಾವಲು ಮರಳಿ ಎದ್ದಿತೇ ಎಂದು ನೋಡಬೇಕು.

ಪುಕ್ಕಟೆ ದೊರೆಯುವುದೆಲ್ಲ ಪುಕ್ಕಟೆಯೆಂದು ತಿಳಿಯಲಾಗದು. ಅವಾಸ್ಟ್ ಎಂಬ ಪ್ರಸಿದ್ಧ ನಿರೋಧಕವನ್ನು ಕೋಟ್ಯಂತರ ಜನರು ಉಚಿತವಾಗಿ ಬಳಸುತ್ತಿದ್ದರು. ಬಳಕೆದಾರರು ಅಂತರಜಾಲದಲ್ಲಿ ಏನೇನು ನೋಡಿದರೆಂಬ ವಿವರವನ್ನು ಆ ಸಂಸ್ಥೆಯು ತನ್ನ ಅಂಗಸಂಸ್ಥೆಯ ಮೂಲಕ ಅನ್ಯರಿಗೆ ಮಾರುತ್ತಿತ್ತೆಂದು ಆಪಾದಿಸಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ ಕ್ರಮ ಕೈಗೊಂಡಿತು. ಸಂಸ್ಥೆಯು 1 ಕೋಟಿ 65 ಲಕ್ಷ ಡಾಲರ್ ತೆರಬೇಕಾಯಿತು. ಆ ಅಂಗಸಂಸ್ಥೆ 2020ರಲ್ಲಿಯೇ ಮುಚ್ಚಿಹೋಗಿದ್ದಿತು. ಕಾವಲಿಗಿಟ್ಟವನೇ ಮನೆಯ ಮಾತನ್ನು ಬೀದಿಗೆ ಒಯ್ದಂತಾಯಿತಲ್ಲವೆ? ಯಾವುದನ್ನು ಹಾಕಿಕೊಂಡರೂ ಅದರ ಖಾಸಗಿತನದ ಆಯ್ಕೆಗಳನ್ನು ತೆರೆದು, ಮಾಹಿತಿ ಹಂಚಿಕೆಯನ್ನು ನಿಲ್ಲಿಸುವುದು ಒಳ್ಳೆಯದು.

ಒಂದಕ್ಕಿಂತ ಎರಡು ಲೇಸೆಂಬ ಭಾವನೆಯೂ ಇಲ್ಲಿ ಸಲ್ಲದು. ನಿರೋಧಕ ತಂತ್ರಾಂಶವು ಯಂತ್ರದ ಅತ್ಯಂತ ಒಳಗಿನ ಭಾಗದಲ್ಲಿ ಕುಳಿತು ಪ್ರತಿಯೊಂದು ಕಡತವನ್ನೂ ತಡೆದು ಪರೀಕ್ಷಿಸುತ್ತದೆ. ಅಂತಹವು ಎರಡಿದ್ದರೆ ಒಂದು ಮತ್ತೊಂದನ್ನು ಶಂಕಿಸಿ, ಯಂತ್ರವು ಕುಂಟುತ್ತದೆ. ಅಷ್ಟು ಒಳಗೆ ಕುಳಿತದ್ದು ತಾನೇ ಎಡವಿದರೆ ಏನಾಗುವುದೆಂಬುದನ್ನು ಜಗತ್ತು 2024ರ ಜುಲೈ 19ರಂದು ಕಂಡಿತು. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು ಕಚೇರಿಗಳಿಗೆ ಒದಗಿಸುವ ರಕ್ಷಣಾ ತಂತ್ರಾಂಶದ ಒಂದು ದೋಷಯುಕ್ತ ತಿದ್ದುಪಡಿಯಿಂದ ಸುಮಾರು 85 ಲಕ್ಷ ಯಂತ್ರಗಳು ಕುಸಿದುಬಿದ್ದವು. ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರು ಸಾಲುಗಟ್ಟಿ ನಿಲ್ಲಬೇಕಾಯಿತು. ಆದಕಾರಣ ಕಾವಲು ಒಂದೇ ಇರಲಿ, ಅದು ಹೆಸರುಳ್ಳದ್ದಾಗಿರಲಿ.

ಇನ್ನು ನಮ್ಮ ಕನ್ನಡದ ಮನೆಗಳಿಗೇ ವಿಶಿಷ್ಟವಾದ ಎರಡು ಮಾತು. ಲಗ್ನಪತ್ರಿಕೆ, ಗೃಹಪ್ರವೇಶದ ಆಮಂತ್ರಣ, ಶ್ರದ್ಧಾಂಜಲಿಯ ಕರಪತ್ರ ಇವುಗಳನ್ನು ಬೆರಳಚ್ಚಿಸಿ ಪೆನ್‌ಡ್ರೈವಿನಲ್ಲಿ ಮುದ್ರಣಾಲಯಕ್ಕೆ ಒಯ್ಯುವ ರೂಢಿ ಚಾಮರಾಜಪೇಟೆ, ಬಸವನಗುಡಿಗಳಲ್ಲಿ ಇನ್ನೂ ಇದೆ. ಹತ್ತಾರು ಜನರ ಪೆನ್‌ಡ್ರೈವುಗಳು ಒಂದೇ ಯಂತ್ರಕ್ಕೆ ಸೇರುವೆಡೆಯಲ್ಲಿ ಸೋಂಕು ಸಹಜ. ಕಡತಗಳೆಲ್ಲ ಮಾಯವಾಗಿ ಅವುಗಳ ಬದಲು 'ಶಾರ್ಟ್‌ಕಟ್' ಗುರುತುಗಳು ಕಾಣುವುದು ಅದರ ಲಕ್ಷಣ. ಹೊರಗೆ ಹೋಗಿಬಂದ ಪೆನ್‌ಡ್ರೈವನ್ನು ತೆರೆಯುವ ಮುನ್ನ ಅದರ ಗುರುತಿನ ಮೇಲೆ ಬಲಗುಂಡಿಯನ್ನೊತ್ತಿ ತಪಾಸಣೆಗೆ ಒಪ್ಪಿಸಬೇಕು. ಸಾಧ್ಯವಾದರೆ ಕಡತವನ್ನು ಇ-ಅಂಚೆಯಲ್ಲಿಯೇ ಕಳುಹಿಸುವುದು ಉತ್ತಮ.

ಎರಡನೆಯದು ಕನ್ನಡ ಬರೆಯುವ ತಂತ್ರಾಂಶಗಳ ಮಾತು. ನುಡಿ, ಬರಹ ಮೊದಲಾದವು ನಾವು ಒತ್ತಿದ ಪ್ರತಿಯೊಂದು ಕೀಲಿಯನ್ನೂ ಹಿಡಿದು ಕನ್ನಡದ ಅಕ್ಷರವಾಗಿ ಮಾರ್ಪಡಿಸುತ್ತವೆ. ಕೀಲಿಗಳನ್ನು ಕದಿಯುವ ಕುತಂತ್ರಾಂಶವೂ ಹೊರನೋಟಕ್ಕೆ ಇದೇ ಕೆಲಸವನ್ನು ಮಾಡುವುದರಿಂದ, ನಿರೋಧಕವು ಒಮ್ಮೊಮ್ಮೆ ಇಂತಹ ಸಾಧುವಾದ ತಂತ್ರಾಂಶವನ್ನೂ ಸಂದೇಹಿಸುವುದುಂಟು. ಆಗ ಕೆಲವರು ನಿರೋಧಕವನ್ನೇ ಪೂರ್ತಿ ಆರಿಸಿಬಿಡುತ್ತಾರೆ. ಇದು ತರವಲ್ಲ. ತಂತ್ರಾಂಶವನ್ನು ಅದರ ಮೂಲಸ್ಥಾನದಿಂದಲೇ ಇಳಿಸಿಕೊಂಡು, ಆ ಒಂದಕ್ಕೆ ಮಾತ್ರ ವಿನಾಯಿತಿ ಕೊಡಬೇಕು. ಯೂನಿಕೋಡ್ ಕನ್ನಡವನ್ನು ಬರೆಯಲು ಏನನ್ನೂ ಇಳಿಸಿಕೊಳ್ಳುವ ಅಗತ್ಯವೇ ಇಲ್ಲ. ವಿಂಡೋಸಿನೊಳಗೇ ಕನ್ನಡದ ಕೀಲಿಮಣೆ ಇದೆ. ಅದನ್ನು ಭಾಷೆಯ ಆಯ್ಕೆಗಳಲ್ಲಿ ಸೇರಿಸಿಕೊಂಡರಾಯಿತು.

ಇಷ್ಟೆಲ್ಲ ಆದರೂ ಯಾವ ನಿರೋಧಕವೂ ತಡೆಯಲಾರದ ಒಂದು ದಾರಿ ಉಳಿಯುತ್ತದೆ. ಮನೆಯವರೇ ಬಾಗಿಲು ತೆರೆದು ಕರೆದರೆ ಕಾವಲು ಏನು ಮಾಡೀತು? ಏನನ್ನೋ ಓದುತ್ತಿರುವಾಗ ತೆರೆಯ ತುಂಬ ಕೆಂಪು ಎಚ್ಚರಿಕೆ ಹರಡಿ, ನಿಮ್ಮ ಯಂತ್ರಕ್ಕೆ ವೈರಸ್ ತಗಲಿದೆ, ಈ ಸಂಖ್ಯೆಗೆ ಕರೆಮಾಡಿ ಎಂಬ ಕೂಗು ಕೇಳಿಬರುತ್ತದೆ. ನಿಜವಾದ ಯಾವ ನಿರೋಧಕವೂ ದೂರವಾಣಿ ಸಂಖ್ಯೆಯನ್ನು ಕೊಟ್ಟು ಹೀಗೆ ಕರೆಯುವುದಿಲ್ಲ. ಕರೆಮಾಡಿದರೆ ಆ ಕಡೆಯ ಮಧುರವಾಣಿಯು ಒಂದು ತಂತ್ರಾಂಶವನ್ನು ಹಾಕಿಸಿ ಯಂತ್ರವನ್ನು ತನ್ನ ವಶಕ್ಕೆ ತೆಗೆದುಕೊಂಡು ಬ್ಯಾಂಕಿನ ಖಾತೆಯವರೆಗೂ ನಡೆಯುತ್ತದೆ. ಹಾಗೆಯೇ, ನಿಮ್ಮ ಆಂಟಿವೈರಸ್ ಚಂದಾ ಇಷ್ಟು ಸಾವಿರ ರೂಪಾಯಿಗೆ ನವೀಕೃತವಾಗಿದೆ, ಬೇಡವಾದರೆ ಕರೆಮಾಡಿ ಎಂಬ ಅಂಚೆಯೂ ಇದೇ ಜಾತಿಯದು. ಭಯವೇ ಇವರ ಬಂಡವಾಳ.

ಆಮಂತ್ರಣದ ರೂಪದಲ್ಲಿಯೂ ಮೋಸ ಬರುತ್ತದೆ. ಮೊಬೈಲಿಗೆ ಮದುವೆಯ ಕರೆಯೋಲೆಯೆಂದು ಬರುವ ಎಪಿಕೆ ಕಡತಗಳ ಬಗೆಗೆ 2024ರಲ್ಲಿ ಹಿಮಾಚಲ ಪ್ರದೇಶದ ಪೊಲೀಸರು ಎಚ್ಚರಿಕೆ ನೀಡಿದರು. ಬಂಧುಬಳಗ ವಿಸ್ತಾರವಾಗಿರುವ ನಮ್ಮ ಮನೆಗಳಿಗೆ ಮಾಘ, ಫಾಲ್ಗುಣ, ವೈಶಾಖಗಳಲ್ಲಿ ಬರುವ ಕರೆಯೋಲೆಗಳೆಷ್ಟು! ಹೆಸರು ತಿಳಿಯದಿದ್ದರೂ ಯಾರೋ ನೆಂಟರಿರಬೇಕೆಂದು ಒತ್ತಿಬಿಡುವುದು ನಮ್ಮ ಸ್ವಭಾವ. ಗಣಕಯಂತ್ರದಲ್ಲಿಯೂ, ಹೆಸರಿನ ತುದಿಯಲ್ಲಿ 'ಪಿಡಿಎಫ್' ಎಂದು ತೋರಿ ಅದರಾಚೆ 'ಇಎಕ್ಸ್ಇ' ಎಂಬುದನ್ನು ಮರೆಸಿಟ್ಟ ಕಡತಗಳು ಬರುತ್ತವೆ. ಕಡತಗಳ ಹೆಸರಿನ ಕೊನೆಯ ಭಾಗವನ್ನು ವಿಂಡೋಸ್ ಸಾಮಾನ್ಯವಾಗಿ ತೋರಿಸುವುದಿಲ್ಲ; ಅದನ್ನು ತೋರುವಂತೆ ಆಯ್ಕೆಯನ್ನು ಬದಲಿಸಿಕೊಂಡರೆ ಈ ವೇಷ ಕಳಚುತ್ತದೆ. ಕರೆದವರು ಪರಿಚಿತರಾದರೆ ಒಂದು ಮಾತು ಫೋನಿನಲ್ಲಿ ಕೇಳಿದರೆ ತಪ್ಪಾಗದು, ಅವರಿಗೂ ಸಂತೋಷವಾದೀತು.

ಕೊನೆಯ ಆಸರೆ ಪ್ರತಿ ತೆಗೆದಿಡುವುದು. ನೂರಾರು ವರ್ಷಗಳ ಹಿಂದಿನ ಗ್ರಂಥಗಳು ನಮ್ಮ ಕೈಗೆ ಬಂದದ್ದು ಯಾವುದೋ ಒಂದು ಓಲೆಕಟ್ಟು ಗೆದ್ದಲು, ಬೆಂಕಿ, ಮಳೆಗಳನ್ನು ಜಯಿಸಿದ್ದರಿಂದಲ್ಲ. ಒಂದು ಮಠದ ಪ್ರತಿ ನಾಶವಾದರೂ ಮತ್ತೊಂದು ಊರಿನ ಮನೆಯಲ್ಲಿ ಅದರ ಪ್ರತಿ ಉಳಿದಿದ್ದುದರಿಂದ. ಇಂದಿನ ತಜ್ಞರು ಹೇಳುವುದೂ ಅದನ್ನೇ: ಮುಖ್ಯವಾದುದಕ್ಕೆ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ಒಂದು ಹೊರ ಹಾರ್ಡ್‌ಡಿಸ್ಕನ್ನು ಕೊಂಡು ತಿಂಗಳಿಗೊಮ್ಮೆ, ಹುಣ್ಣಿಮೆಯೋ ಅಮಾವಾಸ್ಯೆಯೋ ನೆನಪಿಗೆ ಬರುವ ದಿನದಂದು, ಚಿತ್ರ ಕಾಗದಗಳನ್ನು ಅದಕ್ಕೆ ನಕಲಿಸಿ, ಕೂಡಲೇ ಯಂತ್ರದಿಂದ ಬಿಡಿಸಿ ಬೀರುವಿನಲ್ಲಿಡಬೇಕು. ಯಾವಾಗಲೂ ಜೋಡಿಸಿಯೇ ಇಟ್ಟರೆ ಕುತಂತ್ರಾಂಶವು ಅದನ್ನೂ ಹಿಡಿಯುತ್ತದೆ. ಇಂತಹ ಪ್ರತಿಯುಳ್ಳವರು ಒತ್ತೆಹಣದ ಬೆದರಿಕೆಗೆ ಅಂಜಬೇಕಾಗಿಲ್ಲ.

ಸರ್ಕಾರದ ಕಡೆಯಿಂದಲೂ ನೆರವುಂಟು. 2017ರ ಫೆಬ್ರವರಿ 21ರಂದು ಆರಂಭವಾದ ಸೈಬರ್ ಸ್ವಚ್ಛತಾ ಕೇಂದ್ರವು ಯಂತ್ರವನ್ನು ಶುಚಿಗೊಳಿಸುವ ಸಾಧನಗಳನ್ನು ಉಚಿತವಾಗಿ ಒದಗಿಸುತ್ತದೆ. ಹಣ ಕಳೆದುಕೊಂಡವರು ತಡಮಾಡದೆ 1930 ಎಂಬ ಸಹಾಯವಾಣಿಗೆ ಕರೆಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ಮಾರ್ಗಮಧ್ಯದಲ್ಲಿ ತಡೆಹಿಡಿಯುವ ಸಂಭವ ಹೆಚ್ಚು. ದೇಶದ ಮೊಟ್ಟಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ಸ್ಥಾಪನೆಯಾದದ್ದು 2001ರಲ್ಲಿ ನಮ್ಮ ಬೆಂಗಳೂರಿನಲ್ಲಿಯೇ. ದೂರು ಕೊಡುವುದಕ್ಕೆ ಇಲ್ಲಿಯವರು ಹಿಂಜರಿಯಬೇಕಾದುದಿಲ್ಲ.

ಆದರೆ ಹಿರಿಯರು ಹಿಂಜರಿಯುತ್ತಾರೆ. ಈ ಮಾತನ್ನು ದೂರದಲ್ಲಿರುವ ಮಕ್ಕಳಿಗೆ ನಾವು ವಿಶೇಷವಾಗಿ ಹೇಳಬಯಸುತ್ತೇವೆ. ತಂದೆತಾಯಿಗಳ ಯಂತ್ರಕ್ಕೆ ದುಬಾರಿ ನಿರೋಧಕವೊಂದನ್ನು ಅಲ್ಲಿಂದಲೇ ಕೊಂಡುಕೊಟ್ಟು ಕರ್ತವ್ಯ ಮುಗಿಯಿತೆಂದು ತಿಳಿಯುವವರು ಅನೇಕರು. ತಪ್ಪಾಗಿ ಏನನ್ನೋ ಒತ್ತಿದ ತಂದೆಯು ಅದನ್ನು ಮಗನಿಗೆ ಹೇಳದೆ ಎರಡು ದಿನ ಒಳಗೇ ಕೊರಗುತ್ತಾನೆ. ಏಕೆಂದರೆ ಹಿಂದೊಮ್ಮೆ ಹೇಳಿದಾಗ 'ನಿಮಗೆ ಎಷ್ಟು ಸಲ ಹೇಳಬೇಕು' ಎಂಬ ಗದರಿಕೆ ಬಂದಿರುತ್ತದೆ. ಆ ಎರಡು ದಿನಗಳೇ ಕಳ್ಳನಿಗೆ ಬೇಕಾದದ್ದು. ಮನೆಯ ಗಣಕಯಂತ್ರದ ಅತಿ ದೊಡ್ಡ ಕಂಡಿ ಈ ಮೌನವೇ ಎಂದು ನಮ್ಮ ತಿಳುವಳಿಕೆ.

ಆದುದರಿಂದ ಮಕ್ಕಳು ಊರಿಗೆ ಬಂದಾಗ ಒಂದು ಗಂಟೆಯ ಕಾಲ ಹಿರಿಯರ ಪಕ್ಕದಲ್ಲಿ ಕುಳಿತು, ತಿದ್ದುಪಡಿಗಳು ಬರುತ್ತಿವೆಯೇ, ಹಸಿರು ಗುರುತು ಇದೆಯೇ, ಹಾರ್ಡ್‌ಡಿಸ್ಕಿನಲ್ಲಿ ಪ್ರತಿ ಇದೆಯೇ ಎಂದು ಕೂಡಿಯೇ ನೋಡಲಿ. ದಿನನಿತ್ಯದ ಬಳಕೆಗೆ ಆಡಳಿತಾಧಿಕಾರವಿಲ್ಲದ ಸಾಮಾನ್ಯ ಖಾತೆಯೊಂದನ್ನು ತೆರೆದುಕೊಡಲಿ. ಆಗ ತಂತ್ರಾಂಶವೊಂದು ಯಂತ್ರವನ್ನೇ ಬದಲಿಸಹೊರಟರೆ ಗುಪ್ತಪದವನ್ನು ಕೇಳುತ್ತದೆ, ಒಂದು ಕ್ಷಣ ಯೋಚಿಸಲು ಅವಕಾಶ ಸಿಗುತ್ತದೆ. 1930 ಎಂಬ ಸಂಖ್ಯೆಯನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಯಂತ್ರದ ಪಕ್ಕದ ಗೋಡೆಗೆ ಅಂಟಿಸಲಿ. ಅದರ ಕೆಳಗೆ ತಮ್ಮ ಸಂಖ್ಯೆಯನ್ನೂ ಬರೆದು, 'ಯಾವ ಹೊತ್ತಿನಲ್ಲಾದರೂ ಕರೆಯಿರಿ, ನಾನು ಬೈಯುವುದಿಲ್ಲ' ಎಂದು ಬಾಯಿಬಿಟ್ಟು ಹೇಳಲಿ.